ತಂತಿ ಹರಿದರೂ ಮಷೀನು ನಿಲ್ಲಬೇಕು

ಹೋದ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಫೋನು ಬಂತು. ಆ ಕಡೆ ಹುಡುಗನ ದನಿ ಇನ್ನೂ ನಡುಗುತ್ತಿತ್ತು.

"ಕಾಕಾ, ಎಮರ್ಜೆನ್ಸಿ ಹೊಡದ್ನಿರೀ, ಮಷೀನ್ ನಿಂದರಲಿಲ್ಲ. ಮೂರ್ ಸಲ ಹೊಡದ್ನಿ."

"ಕೈ ನೆಟ್ಟಗ ಅದಾವಿಲ್ಲೋ?"

"ಅದಾವ್ರೀ."

"ಮೇನ್ ಇಳಿಸೀಯೇನು?"

"ಇಳಿಸೇನ್ರೀ."

"ಹಂಗಾರ ಏನೂ ಮುಟ್ಟಬ್ಯಾಡ. ಬಂದೆ."

ಅಕ್ಕಲಕೋಟೆಯ ಸ್ಟ್ಯಾಂಡಿನಲ್ಲಿ ಸೋಲಾಪುರದ ಎಸ್‌ಟಿ ಬಸ್ಸು ಹತ್ತಿ ವಳಸಂಗದ ಹತ್ತಿರ ಇಳಿದೆ. ರಸ್ತೆಗೆ ಅಂಟಿಕೊಂಡ ತಗಡಿನ ಶೆಡ್ಡು. ಒಳಗೆ ನಾಲ್ಕಡಿ ಅಗಲ, ಎಂಟಡಿ ಉದ್ದದ ಮೇಜಿನ ಸಿಎನ್‌ಸಿ ರೂಟರ್. ಸಾಗವಾನಿ ಬಾಗಿಲಿಗೆ ಬಳ್ಳಿ ಕೆತ್ತುವುದು, ದೇವರ ಮಂಟಪಕ್ಕೆ ಜಾಳಿ ಕೊರೆಯುವುದು, ಅಕ್ಕಲಕೋಟೆಗೆ ಬರುವ ಭಕ್ತರಿಗಾಗಿ ಎಂಡಿಎಫ್ ಹಲಗೆಯ ಮೇಲೆ ಸ್ವಾಮಿ ಸಮರ್ಥರ ಚಿತ್ರ ಉಬ್ಬಿಸುವುದು ಅದರ ಕೆಲಸ. ಅವತ್ತು ಹಲಗೆ ಹಿಡಿದಿದ್ದ ಕ್ಲ್ಯಾಂಪೊಂದು ಸಡಿಲಾಗಿ ಟೂಲಿನ ದಾರಿಗೆ ಅಡ್ಡ ಬಂದಿತ್ತು. ಹುಡುಗ ನೋಡಿದ, ಓಡಿದ, ಕೆಂಪು ಗುಂಡಿ ಒತ್ತಿದ. ಟೂಲು ಕಬ್ಬಿಣಕ್ಕೆ ಬಡಿದು ಮುರಿಯಿತು. ಮುರಿದ ಮೇಲೂ ಟೂಲು ಹೊತ್ತು ಓಡಾಡುವ ಗ್ಯಾಂಟ್ರಿ ತನ್ನ ಪಾಡಿಗೆ ತಾನು ಬಳ್ಳಿ ಕೆತ್ತುತ್ತಲೇ ಇತ್ತು, ಗಾಳಿಯಲ್ಲಿ.

ಗುಂಡಿಯ ಪಕ್ಕದಲ್ಲೇ ಒಂದು ಸ್ಟಿಕರ್ ಅಂಟಿಸಿದ್ದರು. ಹೆದರಬೇಡ, ನಿನ್ನ ಬೆನ್ನಿಗೆ ನಾನಿದ್ದೇನೆ ಎಂಬ ಸ್ವಾಮಿಗಳ ಅಭಯ, ಮರಾಠಿಯಲ್ಲಿ. ನಮ್ಮ ಕಡೆ ರಿಕ್ಷಾ, ಟೆಂಪೊ, ಹಾಲಿನ ಗಾಡಿ, ಯಾವುದರ ಹಿಂದೆ ನೋಡಿದರೂ ಅದಿರುತ್ತದೆ. ಸ್ವಾಮಿಗಳ ಮಾತಿನ ಮೇಲೆ ನನ್ನ ತಕರಾರಿಲ್ಲ. ತಕರಾರು ಆ ಗುಂಡಿಯ ಮೇಲೆ. ಅದೂ ಅಭಯವನ್ನೇ ಕೊಡುತ್ತ ಕೂತಿತ್ತು, ಅದರ ಬೆನ್ನಿಗೆ ಮಾತ್ರ ಏನೂ ಇರಲಿಲ್ಲ.

ಪ್ಯಾನಲ್ ಬಾಗಿಲು ತೆಗೆದು ಟಾರ್ಚ್ ಬಿಟ್ಟೆ. ತಳದಲ್ಲಿ ಮರದ ಪುಡಿ, ಇಲಿಯ ಹಿಕ್ಕೆ. ಗುಂಡಿಯಿಂದ ಬಂದ ಎರಡು ತಂತಿಗಳಲ್ಲಿ ಒಂದನ್ನು ಇಲಿ ಕಡಿದು ಎರಡು ತುಂಡು ಮಾಡಿತ್ತು. ಹೊಸದಾಗಿ ಕಡಿದ ತಾಮ್ರ ಕೆಂಪಗೆ ಹೊಳೆಯುತ್ತದೆ. ಇದು ಕಂದಿ ಕಪ್ಪಾಗಿತ್ತು.

"ಯಾವಾಗ ಕಡದೈತ್ರೀ ಕಾಕಾ ಇದು?"

"ನಿನಗ ಗೊತ್ತಿಲ್ಲ, ನನಗ ಗೊತ್ತಿಲ್ಲ. ಮಷೀನಿಗಂತೂ ಗೊತ್ತೇ ಇಲ್ಲ."

ಆ ಕೊನೆಯ ಮಾತೇ ಈ ಲೇಖನ. ಉಳಿದದ್ದು ಅದರ ವಿವರ.

ನಾನು ಅಕ್ಕಲಕೋಟೆ ತಾಲೂಕಿನವನು. ಕನ್ನಡ ಶಾಲೆಯಲ್ಲಿ ಕಲಿತು, ಸೋಲಾಪುರದ ಐಟಿಐಯಲ್ಲಿ ಮರಾಠಿಯಲ್ಲಿ ಇಲೆಕ್ಟ್ರಿಷಿಯನ್ ಆದವನು. ಮೂವತ್ತು ವರ್ಷದ ಮೇಲಾಯಿತು, ಪ್ಯಾನಲ್ ಕಟ್ಟುವುದು, ಕೆಟ್ಟ ಮಷೀನಿನ ವೈರಿಂಗ್ ಹುಡುಕುವುದೇ ಕಸುಬು. ನಮ್ಮಲ್ಲಿ ಮಾಲಕರ ಜೊತೆ ಮರಾಠಿ, ಹುಡುಗರ ಜೊತೆ ಕನ್ನಡ, ಸೋಲಾಪುರದ ಪೂರ್ವಭಾಗದ ಮಗ್ಗದ ಕಾರ್ಖಾನೆಗಳಲ್ಲಿ ತೆಲುಗು. ಡ್ರಾಯಿಂಗ್ ಇಂಗ್ಲಿಷಿನಲ್ಲಿರುತ್ತದೆ, ಕೆಲವು ಡ್ರೈವುಗಳ ಮೇಲೆ ಚೀನಿ ಅಕ್ಷರ. ಎಮರ್ಜೆನ್ಸಿ ಗುಂಡಿಗೆ ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ ಹೆಸರು, 'ಮಶ್ರೂಮ್'. ಹಳದಿ ಹಿನ್ನೆಲೆಯ ಮೇಲೆ ಕೆಂಪು ಅಣಬೆ. ಕಣ್ಣು ಬೇರೆಡೆ ಇದ್ದರೂ ಅಂಗೈಗೆ ಸಿಗಬೇಕೆಂದೇ ಅಣಬೆಯ ಆಕಾರ.

ಸಿಎನ್‌ಸಿ ಅಂದರೆ ಕೈಯಿಂದ ಹಿಡಿಕೆ ತಿರುಗಿಸುವ ಬದಲು ಅಂಕಿಗಳ ಹುಕುಮಿನ ಪ್ರಕಾರ ಕತ್ತರಿಸುವ ಯಂತ್ರ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅಂಥ ಮೊದಲ ಮಿಲ್ಲಿಂಗ್ ಯಂತ್ರವನ್ನು ಓಡಿಸಿ ತೋರಿಸಿದಾಗ ಹುಕುಮು ಬರುತ್ತಿದ್ದದ್ದು ತೂತು ಹೊಡೆದ ಪಟ್ಟಿಯಿಂದ. ಸೋಲಾಪುರದವರಿಗೆ ಇದೇನು ಹೊಸದಲ್ಲ. ನಮ್ಮ ಚಾದರದ ಹೂ-ನವಿಲುಗಳು ಜಕಾರ್ಡ್ ಮಗ್ಗದಲ್ಲಿ ತೂತಿನ ಕಾರ್ಡಿನಿಂದಲೇ ಮೂಡಿದವು. ಈಗ ಊರಲ್ಲಿ ಎರಡೂ ಇವೆ. 1992ರಲ್ಲಿ ಶುರುವಾದ ಪ್ರಿಸಿಶನ್ ಕ್ಯಾಮ್‌ಶಾಫ್ಟ್ಸ್‌ನಂಥ ದೊಡ್ಡ ಕಾರ್ಖಾನೆ ಇಲ್ಲಿಂದ ದೇಶವಿದೇಶದ ಕಾರುಗಳಿಗೆ ಕ್ಯಾಮ್‌ಶಾಫ್ಟ್ ಕಳಿಸುತ್ತದೆ. ನನ್ನ ಗಿರಾಕಿಗಳು ಅಂಥವರಲ್ಲ. ಒಂದು ಮಷೀನು, ಒಬ್ಬ ಮಾಲಕ, ಇಬ್ಬರು ಹುಡುಗರು, ಇಷ್ಟೇ.

ಈಗ ಇಲಿ ಕಡಿದ ತಂತಿಗೆ ಬರೋಣ. ಸ್ವಿಚ್ಚಿನೊಳಗಿನ ಸಂಪರ್ಕ ಎರಡು ಬಗೆ. ಒಂದು ಒತ್ತುವವರೆಗೆ ಬಿಟ್ಟೇ ಇರುತ್ತದೆ, ಒತ್ತಿದಾಗ ಕೂಡುತ್ತದೆ. ಅದು ಎನ್‌ಓ. ಮನೆಯ ಕರೆಗಂಟೆ ಹಾಗೆ. ಇನ್ನೊಂದು ಸದಾ ಕೂಡಿರುತ್ತದೆ, ಒತ್ತಿದಾಗ ಬಿಡುತ್ತದೆ. ಅದು ಎನ್‌ಸಿ. ಆ ರೂಟರಿನ ಗುಂಡಿಯನ್ನು ಯಾರೋ ಕರೆಗಂಟೆಯ ಹಾಗೆ ಜೋಡಿಸಿದ್ದರು. ಒತ್ತಿದರೆ 'ನಿಲ್ಲು' ಎಂಬ ಸಂದೇಶ ಹೋಗಬೇಕು. ತಂತಿಯೇ ಇಲ್ಲದಿದ್ದರೆ ಹೋಗುವುದೆಲ್ಲಿಂದ? ಅದಕ್ಕಿಂತ ಕೆಟ್ಟದ್ದೆಂದರೆ, ತಂತಿ ಕಡಿದಾಗಲೂ ಮಷೀನಿಗೆ ಕಾಣುವುದು ಯಾರೂ ಗುಂಡಿ ಒತ್ತಿಲ್ಲ ಎಂಬುದೇ. ತಿಂಗಳುಗಟ್ಟಲೆ ಅದು ಹಾಗೇ ಓಡಿರಬೇಕು. ಎನ್‌ಸಿಯಲ್ಲಿ ಕಟ್ಟಿದ್ದರೆ 24 ವೋಲ್ಟು ಸದಾ ಆ ತಂತಿಯಲ್ಲಿ ಸುತ್ತುತ್ತ 'ಎಲ್ಲ ನೆಟ್ಟಗಿದೆ' ಅನ್ನುತ್ತಿರುತ್ತದೆ. ಆ ಮಾತು ನಿಂತರೆ, ಗುಂಡಿ ಒತ್ತಿರಲಿ, ಇಲಿ ಕಡಿದಿರಲಿ, ಸ್ಕ್ರೂ ಸಡಿಲಾಗಿರಲಿ, ಮಷೀನು ಕಾರಣ ಕೇಳುವುದಿಲ್ಲ. ನಿಲ್ಲುತ್ತದೆ.

ಇದನ್ನು ನನಗೆ ಮೊದಲು ಕಲಿಸಿದ್ದು ಐಟಿಐ ಅಲ್ಲ, ಅಪ್ಪನ ಮಗ್ಗ. ಅಪ್ಪ ಪೂರ್ವಭಾಗದ ಒಂದು ಕಾರ್ಖಾನೆಯಲ್ಲಿ ಆಟೋ ಲೂಮ್ ನಡೆಸುತ್ತಿದ್ದ. ಹಾಸಿನ ಒಂದೊಂದು ಎಳೆಗೂ ಒಂದೊಂದು ತೆಳ್ಳನೆಯ ಉಕ್ಕಿನ ಪಟ್ಟಿ, ಡ್ರಾಪ್ ಪಿನ್, ಜೋತುಬಿದ್ದಿರುತ್ತದೆ. ಎಳೆ ಬಿಗಿಯಾಗಿರುವವರೆಗೆ ಪಿನ್ನು ಮೇಲೆ. ಎಳೆ ಹರಿಯಿತೋ, ಪಿನ್ನು ಕೆಳಗೆ ಬೀಳುತ್ತದೆ, ಮಗ್ಗ ನಿಲ್ಲುತ್ತದೆ. ಸಾವಿರಾರು ಎಳೆಗಳಲ್ಲಿ ಯಾವುದು ಹರಿದರೂ ಅಷ್ಟೆ. ನಾನು ಚಿಕ್ಕವನಿದ್ದಾಗ ಡಬ್ಬಿ ಕೊಡಲು ಹೋದಾಗೆಲ್ಲ ಅಪ್ಪ ನಿಂತ ಮಗ್ಗದ ಮುಂದೆ ಬಗ್ಗಿ ಬಿದ್ದ ಪಿನ್ನು ಹುಡುಕುತ್ತಿರುತ್ತಿದ್ದ. ಸಾಲು ಸಾಲು ಪಿನ್ನುಗಳ ಮೇಲೆ ಬೆರಳು ಆಡಿಸುತ್ತ ಹೋಗುತ್ತಿದ್ದ, ಬೆರಳು ಒಂದು ಕಡೆ ನಿಲ್ಲುತ್ತಿತ್ತು. ಹಾಗೆ ನಿಲ್ಲುವ ಮಗ್ಗವನ್ನು ಜಪಾನಿನ ಸಾಕಿಚಿ ಟೊಯೋಡಾ 1924ರಲ್ಲಿ ಪಕ್ಕಾ ಮಾಡಿದ. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಅದರ ಹಕ್ಕು ಕೊಂಡಿತು. ಅದೇ ಮನೆತನ ಮುಂದೆ ಟೊಯೋಟಾ ಕಾರು ಮಾಡಿದ್ದು.

ರೈಲೂ ಹಾಗೇ. ಸೋಲಾಪುರದಿಂದ ಹೋಟಗಿ, ಅಕ್ಕಲಕೋಟ್ ರೋಡ್ ದಾಟಿ ಕಲಬುರಗಿಗೆ ಹೋಗುವ ಗಾಡಿಯ ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ 5 ಕಿಲೋ ಒತ್ತಡದ ಗಾಳಿ ಇರುತ್ತದೆ. ಜನ ತಿಳಿದಿರುವುದು ಗಾಳಿ ಬ್ರೇಕು ಹಿಡಿಯುತ್ತದೆಂದು. ಉಲ್ಟಾ. ಆ ಪೈಪಿನಲ್ಲಿ ಗಾಳಿ ಇರುವವರೆಗೆ ಬ್ರೇಕು ಬಿಟ್ಟಿರುತ್ತದೆ. ಪೈಪು ಹರಿದರೆ, ಡಬ್ಬಿ ಕಳಚಿಕೊಂಡರೆ, ತಾನಾಗಿ ಹಿಡಿಯುತ್ತದೆ.

ಇನ್ನು ಗುಂಡಿಯನ್ನೇ ಬಿಚ್ಚಿ ನೋಡೋಣ. ಮುಂದೆ ಕೆಂಪು ತಲೆ, ಹಿಂದೆ ಬೆಂಕಿಪೆಟ್ಟಿಗೆಗಿಂತ ಸಣ್ಣದಾದ ಕಾಂಟ್ಯಾಕ್ಟ್ ಬ್ಲಾಕು. ಸ್ಕ್ರೂಗಳ ಪಕ್ಕ ಸಣ್ಣ ಅಂಕಿ ಕೊರೆದಿರುತ್ತಾರೆ. 1-2ಕ್ಕೆ ಮುಗಿದರೆ, ಅಂದರೆ 11-12, 21-22 ಇದ್ದರೆ ಎನ್‌ಸಿ. 3-4ಕ್ಕೆ ಮುಗಿದರೆ ಎನ್‌ಓ. ಸಾಮಾನ್ಯವಾಗಿ ಎನ್‌ಸಿ ಬ್ಲಾಕು ಕೆಂಪು, ಎನ್‌ಓ ಹಸಿರು. ನನ್ನ ಹುಡುಗರಿಗೆ ಮೊದಲ ದಿನದ ಪಾಠ ಇದೇ. ಎಮರ್ಜೆನ್ಸಿಗೆ ಬಳಸುವ ಎನ್‌ಸಿಯಲ್ಲಿ ಇನ್ನೊಂದು ಗುಣ ಬೇಕು. ಅದರೊಳಗಿನ ಸಂಪರ್ಕ ಸ್ಪ್ರಿಂಗಿನ ದಯೆಯಿಂದ ಬಿಡಬಾರದು, ಗುಂಡಿಯ ದಂಡವೇ ಅದನ್ನು ನೂಕಿ ಬಿಡಿಸಬೇಕು. ಎರಡು ತುದಿ ಬೆಸೆದು ಅಂಟಿಕೊಂಡಿದ್ದರೂ ಮನುಷ್ಯನ ಅಂಗೈಯ ಬಲ ಅದನ್ನು ಕಿತ್ತು ಬಿಡಿಸಬೇಕು. ಒತ್ತಿದ ಮೇಲೆ ಗುಂಡಿ ಒಳಗೇ ಕೂರಬೇಕು, ತಿರುವಿದರೆ ಮಾತ್ರ ಹೊರಗೆ ಬರಬೇಕು.

ಎನ್‌ಸಿಯಲ್ಲಿ ಕಟ್ಟಿದರೆ ಮುಗಿಯಿತೇ? ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ. ಆಮೇಲೆ ಒಂದು ಕಡೆ ಗುಂಡಿ ಒತ್ತಿದರೂ ಮಷೀನು ನಿಲ್ಲಲಿಲ್ಲ, ತಂತಿಯೆಲ್ಲ ಸರಿ ಇತ್ತು. ಬಾಗಿಲು ತೆಗೆದರೆ ಕಾಂಟ್ಯಾಕ್ಟ್ ಬ್ಲಾಕು ತಲೆಯಿಂದ ಕಳಚಿ ತಂತಿಯ ಮೇಲೆ ನೇತಾಡುತ್ತಿತ್ತು! ತಲೆ ಒತ್ತಿದರೆ ಗಾಳಿಯನ್ನು ಒತ್ತಿದ ಹಾಗೆ. ಕಳಚಿಬಿದ್ದ ಎನ್‌ಸಿ ಬ್ಲಾಕು ಕೂಡಿಕೊಂಡೇ ಇರುತ್ತದೆ, 'ನೆಟ್ಟಗಿದೆ, ನೆಟ್ಟಗಿದೆ' ಅನ್ನುತ್ತಲೇ ಇರುತ್ತದೆ. ಅದಕ್ಕಾಗಿಯೇ ತಲೆಗೆ ಸರಿಯಾಗಿ ಕೂತಿದ್ದರೆ ಮಾತ್ರ ಕೂಡುವ ಇನ್ನೊಂದು ಸಂಪರ್ಕ ಒಳಗೇ ಇಟ್ಟ ಬ್ಲಾಕುಗಳು ಬರುತ್ತವೆ. ಕಳಚಿದರೆ ಸಾಲು ತುಂಡಾಗುತ್ತದೆ. ಸ್ವಲ್ಪ ದುಬಾರಿ. ನಾನು ಅವನ್ನೇ ಹಾಕುತ್ತೇನೆ, ಬಿಲ್ಲು ನೋಡಿ ಮಾಲಕ ಮುಖ ಗಂಟಿಕ್ಕಿದರೂ.

ದೊಡ್ಡ ಮಷೀನುಗಳಲ್ಲಿ ಗುಂಡಿಯಿಂದ ಎರಡು ಜೋಡಿ ತಂತಿ ಹೊರಟು ಸೇಫ್ಟಿ ರಿಲೇ ಎಂಬ ಪೆಟ್ಟಿಗೆಗೆ ಹೋಗುತ್ತವೆ. ಎರಡೂ ಜೋಡಿ ಒಂದೇ ಸಾಕ್ಷಿ ಹೇಳಬೇಕು. ಒಂದು ಹೌದು, ಒಂದು ಅಲ್ಲ ಅಂದರೆ ರಿಲೇ ಮತ್ತೆ ಚಾಲೂ ಮಾಡಲು ಬಿಡುವುದಿಲ್ಲ. ಫ್ಯಾನಕ್ ಕಂಪನಿಯ ಸಿಎನ್‌ಸಿ ಕಂಟ್ರೋಲಿನಲ್ಲಿ ಎಮರ್ಜೆನ್ಸಿ ಸಂಕೇತ ಎಕ್ಸ್ 8.4 ಎಂಬ ಮನೆಗೆ ಬರುತ್ತದೆ. ಡ್ರಾಯಿಂಗಿನಲ್ಲಿ ಅದರ ಹೆಸರಿನ ಮುಂದೆ ಒಂದು ನಕ್ಷತ್ರ ಇರುತ್ತದೆ. ಕರೆಂಟು ಇದ್ದರೆ ಕ್ಷೇಮ, ಹೋದರೆ ನಿಲ್ಲು ಎಂದು ಅದರ ಅರ್ಥ. ಎಷ್ಟೋ ಜನ ಅದನ್ನು ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ.

ಗುಂಡಿ ಒತ್ತಿದರೆ ಕಡಿಯಬೇಕಾದದ್ದು ಏನು ಎಂಬುದರಲ್ಲೂ ಗೊಂದಲ ಇದೆ. ಮೋಟಾರುಗಳ ಶಕ್ತಿ ಕಡಿಯಬೇಕು. ಕಂಪ್ಯೂಟರನ್ನೇ ಆರಿಸಿದರೆ ಏನಾಯಿತು, ಎಲ್ಲಿ ನಿಂತಿತು ಅಂತ ಹೇಳುವವರೇ ಇರುವುದಿಲ್ಲ. ಶಕ್ತಿಯನ್ನು ಒಮ್ಮೆಲೇ ಕಡಿಯುವುದು ಒಂದು ರೀತಿ. ಮೊದಲು ಡ್ರೈವಿನಿಂದಲೇ ಬಿಗಿಯಾಗಿ ನಿಲ್ಲಿಸಿ ಆಮೇಲೆ ಕಡಿಯುವುದು ಇನ್ನೊಂದು. ಟೂಲು ತಿರುಗಿಸುವ ಭಾರೀ ಸ್ಪಿಂಡಲ್ಲಿಗೆ ಎರಡನೆಯದೇ ವಾಸಿ. ಬರೀ ಕರೆಂಟು ಕಡಿದರೆ ಅದು ತನ್ನ ಓಟದಲ್ಲೇ ಎಷ್ಟೋ ಹೊತ್ತು ತಿರುಗುತ್ತದೆ. ಇನ್ನು ನೆಟ್ಟಗೆ ಮೇಲೆ-ಕೆಳಗೆ ಓಡುವ ಝಡ್ ಆಕ್ಸಿಸ್‌ನ ಮೋಟಾರು ಸತ್ತರೆ ಸ್ಪಿಂಡಲ್ ಹೊತ್ತ ತಲೆ ತನ್ನ ಭಾರಕ್ಕೆ ಕೆಳಗೆ ಜಾರುತ್ತದೆ. ಅಲ್ಲಿ ಕರೆಂಟು ಇದ್ದಾಗ ಬಿಡುವ, ಹೋದಾಗ ಹಿಡಿಯುವ ಬ್ರೇಕು ಇರಬೇಕು. ಮತ್ತೆ ರೈಲಿನ ಮಾತೇ ಬಂತು ನೋಡಿ.

ನಮ್ಮೂರ ಬೇಸಿಗೆ ಗೊತ್ತಲ್ಲ, ಕರೆಂಟು ಹೋಗುತ್ತದೆ, ಬರುತ್ತದೆ. ಬಂದ ಕೂಡಲೇ ಮಷೀನು ತಾನಾಗಿ ತಿರುಗಿಬಿಟ್ಟರೆ, ಒಳಗೆ ಕೈ ಹಾಕಿದವನ ಗತಿ? ಗುಂಡಿ ತಿರುವಿ ಹೊರತೆಗೆದಾಗಲೂ ಅಷ್ಟೆ. ಬಿಡಿಸುವುದು ಬೇರೆ, ಚಾಲೂ ಮಾಡುವುದು ಬೇರೆ. ಮೋಟಾರಿಗೆ ಕರೆಂಟು ಕೊಡುವ ಕಾಂಟ್ಯಾಕ್ಟರ್ ತನ್ನದೇ ಒಂದು ಸಂಪರ್ಕದಿಂದ ತನ್ನನ್ನು ಹಿಡಿದುಕೊಂಡಿರುವ ಹಾಗೆ ಕಟ್ಟಿದರೆ, ಒಮ್ಮೆ ಕೈಬಿಟ್ಟ ಮೇಲೆ ಯಾರಾದರೂ ಹಸಿರು ಗುಂಡಿ ಒತ್ತುವವರೆಗೆ ಅದು ಏಳುವುದಿಲ್ಲ. ತುರ್ತಿನಲ್ಲಿ ಶಕ್ತಿ ಕಡಿಯುವ ಸಾಧನ ಕೆಲಸದ ಪ್ರತಿ ಕೋಣೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯ 24ನೇ ಕಲಮಿನಲ್ಲೇ ಬರೆದಿತ್ತು. ಮೂವರಿರುವ ತಗಡಿನ ಶೆಡ್ಡಿಗೆ ಕಲಮು ಎಲ್ಲಿ ಹುಡುಕಿಕೊಂಡು ಬರುತ್ತದೆ?

ಲಿಮಿಟ್ ಸ್ವಿಚ್ಚಿನ ಕಥೆ ಬೇರೆ. ಅದು ಮನುಷ್ಯನಿಗಿಂತ ಮಷೀನಿಗಾಗಿ. ಮೇಜು ತನ್ನ ಕೊನೆಗೆ ಹೋಗಿ ಬಡಿಯದ ಹಾಗೆ ಮೂರು ಬೇಲಿ. ಮೊದಲನೆಯದು ಕಂಟ್ರೋಲಿನ ನೆನಪಿನಲ್ಲಿರುವ ಅಂಕಿ, ಸಾಫ್ಟ್ ಲಿಮಿಟ್. ಎರಡನೆಯದು ನಿಜವಾದ ಸ್ವಿಚ್ಚು. ಮೇಜಿಗೆ ಕೂರಿಸಿದ ಡಾಗ್ ಎಂಬ ಇಳಿಜಾರು ತುಂಡು ಬಂದು ಅದರ ರೋಲರನ್ನು ಒತ್ತುತ್ತದೆ. ಮೂರನೆಯದು ಬರೀ ಕಬ್ಬಿಣ ಅಥವಾ ರಬ್ಬರ್ ಸ್ಟಾಪರ್. ಫ್ಯಾನಕ್‌ನಲ್ಲಿ 500 ಅಥವಾ 501 ಅಲಾರಂ ಬಂದರೆ ಮೊದಲ ಬೇಲಿ, 506 ಅಥವಾ 507 ಬಂದರೆ ಎರಡನೆಯದು. ಮೊದಲ ಬೇಲಿಯ ಕುಂದೇನೆಂದರೆ, ತಾನೆಲ್ಲಿದ್ದೇನೆಂದು ಮಷೀನು ಸರಿಯಾಗಿ ತಿಳಿದಿದ್ದರೆ ಮಾತ್ರ ಅದು ಬೇಲಿ. ಹೋಮ್, ಅಂದರೆ ಅದರ ಸೊನ್ನೆಯ ಜಾಗ, ತಪ್ಪಿದರೆ ಬೇಲಿಯೂ ಜೊತೆಗೇ ಸರಿದು ಹೋಗುತ್ತದೆ.

ಇದನ್ನು ಕಲಿತದ್ದು ನಾನೇ ಮಾಡಿದ ಒಂದು ಪಾಪದಿಂದ. ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ವಿಎಂಸಿ ಎಂಬ ಒಂದು ಸಿಎನ್‌ಸಿ ಮಿಲ್ಲಿಂಗ್ ಯಂತ್ರದ ಎಕ್ಸ್ ಆಕ್ಸಿಸ್‌ನ ಲಿಮಿಟ್ಟಿನೊಳಗೆ ಕೂಲೆಂಟ್ ಇಳಿದು ದಿನಕ್ಕೆ ಹತ್ತು ಸಲ ಸುಳ್ಳು ಅಲಾರಂ. ಶಿಫ್ಟಿನ ಟಾರ್ಗೆಟ್ ಮುಗಿದಿರಲಿಲ್ಲ. ಪ್ಯಾನಲ್ಲಿನಲ್ಲಿ ಎರಡು ಟರ್ಮಿನಲ್ ನಡುವೆ ಬೆರಳುದ್ದದ ತಂತಿ ಹಾಕಿ ಶಾರ್ಟ್ ಮಾಡಿದೆ. ರವಿವಾರ ಹೊಸ ಸ್ವಿಚ್ ಹಾಕುವುದೆಂದು ಮನಸ್ಸಿನಲ್ಲಿತ್ತು. ರವಿವಾರ ಬಂತು, ಹೋಯಿತು. ಮುಂದಿನ ವಾರ ಎನ್‌ಕೋಡರಿನ ಬ್ಯಾಟರಿ ಸತ್ತು ಮಷೀನು ತನ್ನ ಜಾಗ ಮರೆಯಿತು. ಯಾರೋ ಅವಸರದಲ್ಲಿ ಸೊನ್ನೆಯನ್ನು ತಪ್ಪು ಜಾಗದಲ್ಲಿ ಕೂರಿಸಿದರು. ಮೊದಲ ಬೇಲಿ ಸರಿಯಿತು, ಎರಡನೆಯದನ್ನು ನಾನೇ ಕಿತ್ತಿದ್ದೆ. ಮೇಜು ಪೂರ್ತಿ ವೇಗದಲ್ಲಿ ಹೋಗಿ ಕೊನೆಗೆ ಬಡಿಯಿತು. ಬಾಲ್‌ಸ್ಕ್ರೂ ತುದಿಯ ಬೇರಿಂಗ್ ಹೋಯಿತು, ಐದು ದಿನ ಮಷೀನು ನಿಂತಿತು. ಸದ್ದು ಕೇಳಿ ಎಲ್ಲರೂ ಮಷೀನಿನ ಕಡೆ ಓಡಿದರು. ನಾನು ಪ್ಯಾನಲ್ ಕಡೆ ಓಡಿದೆ, ಆ ತುಂಡು ತಂತಿ ಕಿತ್ತು ಜೇಬಿಗೆ ಹಾಕಿಕೊಂಡೆ. ಬ್ಯಾಟರಿಯ ಮೇಲೆ ತಪ್ಪು ಹೊರಿಸಿ ವರದಿ ಬರೆದರು. ನಾನು ಸಹಿ ಮಾಡಿದೆ.

ಆಮೇಲಿಂದ ನನ್ನ ಚೀಲದಲ್ಲಿರುವ ಜಂಪರ್ ತಂತಿ ಒಂದು ಮೊಳ ಉದ್ದ, ಹಳದಿ. ಹುಡುಕುವಾಗ ಹಾಕಿದರೆ ಪ್ಯಾನಲ್ಲಿನ ಹೊರಗೆ ನೇತಾಡುತ್ತದೆ, ಬಾಗಿಲು ಮುಚ್ಚಲು ಬಿಡುವುದಿಲ್ಲ.

ಜನ ಲಿಮಿಟ್ ಶಾರ್ಟ್ ಮಾಡುವುದು ಸೊಕ್ಕಿನಿಂದಲ್ಲ. ಸುಮ್ಮಸುಮ್ಮನೆ 'ತೋಳ ಬಂತು' ಅನ್ನುವ ಸ್ವಿಚ್ಚನ್ನು ಯಾರೂ ನಂಬುವುದಿಲ್ಲ. ಚಿಕ್ಕ ರೂಟರುಗಳಲ್ಲಿ ಅದಕ್ಕೆ ಕಾರಣ ಹೆಚ್ಚಾಗಿ ವೈರಿಂಗೇ. ಸ್ಪಿಂಡಲ್ಲಿನ ಇನ್ವರ್ಟರ್ ಕೇಬಲ್ಲಿನ ಪಕ್ಕದಲ್ಲೇ ಲಿಮಿಟ್ಟಿನ ಕೇಬಲ್ ಹರಿದರೆ ಅದರ ಗದ್ದಲ ಇದಕ್ಕೆ ಹತ್ತುತ್ತದೆ. 5 ವೋಲ್ಟಿನ ಸಂಕೇತವನ್ನು ಐದಾರು ಮೀಟರು ಎಳೆದರೆ ಇನ್ನೂ ಕಷ್ಟ, 24 ವೋಲ್ಟು ಆ ಗದ್ದಲಕ್ಕೆ ಅಷ್ಟು ಬೇಗ ಮಣಿಯುವುದಿಲ್ಲ. ಬೇರೆ ಡಕ್ಟು, ಜಾಲರಿ ಹೊದಿಸಿದ ಕೇಬಲ್, ಜಾಲರಿಯನ್ನು ಪ್ಯಾನಲ್ ಕಡೆ ಅರ್ತಿಗೆ ಸೇರಿಸುವುದು, ಇಷ್ಟು ಮಾಡಿದರೆ ಅರ್ಧಕ್ಕರ್ಧ ಸುಳ್ಳು ಅಲಾರಂ ಹೋಗುತ್ತವೆ. ಉಳಿದದ್ದು ಧೂಳು, ಎಣ್ಣೆ. ಖಂಡೇನವಮಿಯ ದಿನ ಮಷೀನಿನ ಮೇಲೆ ಒಡೆದ ತೆಂಗಿನಕಾಯಿಯ ನೀರು ಕೂಡ. ಪೂಜೆಯ ಮಾರನೇ ದಿನ ನನಗೆ ಫೋನು ಜಾಸ್ತಿ.

ವಳಸಂಗದ ರೂಟರಿಗೆ ಎರಡು ದಿನ ಹಿಡಿಯಿತು. ಮೂರು ಗುಂಡಿ ಹಾಕಿದೆ, ಎಲ್ಲ ಎನ್‌ಸಿ, ಎಲ್ಲ ಒಂದರ ಹಿಂದೆ ಒಂದು ಒಂದೇ ಸಾಲಿನಲ್ಲಿ. ಲಿಮಿಟ್ಟುಗಳೂ ಹಾಗೇ. ಮುಗಿದ ಮೇಲೆ ಮಾಲಕರನ್ನು ಕುರ್ಚಿ ಹಾಕಿ ಕೂರಿಸಿದೆ. ಟೂಲಿಲ್ಲದೆ, ಮೆಲ್ಲಗಿನ ವೇಗದಲ್ಲಿ ಮಷೀನು ಓಡುತ್ತಿರುವಾಗ ಹುಡುಗನ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, ಆ 24 ವೋಲ್ಟಿನ ಸಾಲಿನ ತಂತಿಗಳನ್ನು ಟರ್ಮಿನಲ್ಲಿನಿಂದ ಒಂದೊಂದಾಗಿ ಬಿಚ್ಚಿಸಿದೆ. ಬಿಚ್ಚಿದಾಗೊಮ್ಮೆ ನಿಂತಿತು.

"ಗುಂಡಿ ಒತ್ತೋದ್ ಬಿಟ್ಟು ವೈರ್ ಯಾಕ್ ಬಿಚ್ಚಸ್ತೀರಿ?" ಅಂದರು ಮಾಲಕರು.

"ಗುಂಡಿ ನೀವು ಒತ್ತತೀರಿ. ವೈರ್ ಬಿಚ್ಚಾಂವ ಬ್ಯಾರೆ ಅದಾನ್ರೀ."

ನಕ್ಕರು. ಸಂಕ್ರಾಂತಿ ಬಂತು. ಸೋಲಾಪುರದಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆ, ನಂದಿಧ್ವಜಗಳ ಮೆರವಣಿಗೆ, ಊರೆಲ್ಲ ಅಲ್ಲೇ. ಜಾತ್ರೆ ಮುಗಿದ ಮರುದಿನ ಬೆಳಿಗ್ಗೆ ಮತ್ತೆ ಫೋನು. ಈ ಸಲ ಮಾಲಕರೇ.

"ಏನ್ ವೈರಿಂಗ್ ಮಾಡೀರಿ ಮಿಸ್ತ್ರಿ? ಮಷೀನ್ ಚಾಲೂನೇ ಆಗವಲ್ದು. ಬಾಗಿಲದ ಆರ್ಡರ್ ಐತಿ, ಅರ್ಧ ದಿನ ಹೋತು."

ಹೋಗಿ ನೋಡಿದೆ. ಶೆಡ್ಡು ಮುಚ್ಚಿದ್ದ ನಾಲ್ಕು ದಿನದಲ್ಲಿ ಕೆಲಸ ಆಗಿತ್ತು. ಮೂರನೇ ಗುಂಡಿಯ ತಂತಿ, ತುದಿಯಲ್ಲಿ ತಾಮ್ರ ಇನ್ನೂ ಕೆಂಪಗೆ ಹೊಳೆಯುತ್ತಿತ್ತು. ಹೊಸ ತಂತಿ ಎಳೆದು, ಈ ಸಲ ಕಬ್ಬಿಣದ ಪೈಪಿನೊಳಗೆ ಹಾಕಿದೆ. ಮಾಲಕರು ಕೊನೆಯವರೆಗೂ ಗೊಣಗುತ್ತಲೇ ಇದ್ದರು. ನಾನು ಬಿಲ್ಲಿನಲ್ಲಿ ಒಂದು ಸಾಲು ಹೆಚ್ಚು ಬರೆದೆ: ಇಲಿ ಬೋನು, 1.